ಬಸ್ರಾಕ್ಕೆ ಹೋದ ದೊಡ್ಡಜ್ಜನನ್ನು ನಾನು ಹುಡುಕಿದ್ದು ಹೀಗೆ

ನಮ್ಮಜ್ಜನ ದೊಡ್ಡಪ್ಪ ಮೊದಲನೇ ಮಹಾಯುದ್ಧಕ್ಕೆ ಹೋಗಿ ಅಲ್ಲೇ ತೀರಿಕೊಂಡವರು. ಮನೆಯಲ್ಲಿ ಅವರ ಬಗ್ಗೆ ಉಳಿದಿದ್ದು ಒಂದೇ ಮಾತು: "ಬಸ್ರಾಕ್ಕ ಹೋದಾವ ಹೊಳ್ಳಿ ಬರಲಿಲ್ಲ." ಬಸ್ರಾ ಅಂದರೆ ಈಗಿನ ಇರಾಕಿನ ಒಂದು ಊರು. ಯಾವ ಪಲ್ಟನ್, ಯಾವ ವರ್ಷ, ಎಲ್ಲಿ ಮಣ್ಣಾದರು, ಒಂದೂ ಗೊತ್ತಿರಲಿಲ್ಲ. ಬೆಳಗಾವಿ, ಧಾರವಾಡದ ಕಡೆ ಇಂಥ ಮಾತು ಉಳಿದಿರುವ ಮನೆಗಳು ಇನ್ನೂ ಇವೆ. ಅವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಂಪ್ಯೂಟರ್ ಮುಂದೆ ಕೂರಬೇಡಿ. ಮನೆ ಹುಡುಕಿ. ನಮ್ಮದು ಬೈಲಹೊಂಗಲದ ಕಡೆಯ ಹಳ್ಳಿ, ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ದೇವರ ಜಗಲಿಯ ಮೇಲೆ ಒಂದು ಕಂಚಿನ ಬಿಲ್ಲೆ ಇತ್ತು. ರೆಕ್ಕೆ ಇರುವ ಹೆಂಗಸಿನ ಚಿತ್ರ ಅದರ ಮೇಲೆ. ಯಾವುದೋ ದೇವಿ ಅಂತ ತಲೆಮಾರುಗಳಿಂದ ಕುಂಕುಮ ಹಚ್ಚುತ್ತಾ ಬಂದಿದ್ದರು! ಅದು ಬ್ರಿಟಿಷರು ಯುದ್ಧ ಮುಗಿದ ಮೇಲೆ ಕೊಟ್ಟ ವಿಕ್ಟರಿ ಮೆಡಲ್. ಅದರ ಜೊತೆಗೆ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ ಕೂಡ ಬರುತ್ತಿತ್ತು. ಎಷ್ಟೋ ಮನೆಗಳಲ್ಲಿ ಬೆಳ್ಳಿಯದು ಇರುವುದಿಲ್ಲ, ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ. ನಮ್ಮದು ಯಾರದೋ ಮದುವೆಗೆ ಕಾಲುಂಗುರ ಆಯಿತಂತೆ. ಅದರ ಬಗ್ಗೆ ನನಗೇನೂ ಬೇಜಾರಿಲ್ಲ, ಸತ್ತವರ ಬೆಳ್ಳಿ ಇದ್ದವರ ಮದುವೆಗೆ ಬಂದರೆ ತಪ್ಪೇನು.

ಈ ಮೆಡಲ್‌ಗಳ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಸಿಪಾಯಿಯ ನಂಬರ್, ದರ್ಜೆ, ಹೆಸರು, ಪಲ್ಟನ್ ಒತ್ತಿರುತ್ತಾರೆ. ಹುಡುಕುವವರಿಗೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಹುಣಸೆಹಣ್ಣು ಹಾಕಿ ತಿಕ್ಕೋಕೆ ಹೋಗಬೇಡಿ, ಅಕ್ಷರ ಸವೆದು ಹೋಗುತ್ತದೆ. ಮೆತ್ತನೆ ಬ್ರಷ್‌ನಿಂದ ಕುಂಕುಮ ಉದುರಿಸಿ, ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದೆ. ಅಕ್ಷರದ ನೆರಳು ಎದ್ದು ಕಾಣುತ್ತದೆ. ಹಾಗೆ ಸಿಕ್ಕಿದ್ದು 110ನೇ ಮರಾಠಾ ಪಲ್ಟನ್, ಒಂದು ನಂಬರ್, ಮತ್ತು ಒಂದು ಹೆಸರು. ಆ ಹೆಸರನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ಪ್ರಕಾರ ಓದಿದರೆ ನಮ್ಮ ಮನೆಯವರೇ ಗುರುತಿಸುವುದಿಲ್ಲ.

ಇನ್ನು ಆನ್‌ಲೈನ್ ಕೆಲಸ. ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಲ್ಲಿ ಎರಡು ಮಹಾಯುದ್ಧಗಳಲ್ಲಿ ತೀರಿಕೊಂಡವರ ಲೆಕ್ಕ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ, 1917ರಲ್ಲಿ ಶುರುವಾಗಿದ್ದು. ಅವರ ವೆಬ್‌ಸೈಟಿನಲ್ಲಿ ಸುಮಾರು 17 ಲಕ್ಷ ಹೆಸರುಗಳಿವೆ, ಹುಡುಕೋಕೆ ದುಡ್ಡು ಬೇಡ. ಹೆಸರು ಹಾಕಿ ಹುಡುಕುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದ ಹೆಸರು ಅದು, ಅದನ್ನು ನಂಬಬೇಡಿ. ನಾನು ಹೆಸರಿನ ಜಾಗ ಖಾಲಿ ಬಿಟ್ಟೆ. ಪಲ್ಟನ್ ಹಾಕಿದೆ, ವರ್ಷದ ಮಿತಿ ಹಾಕಿದೆ. ಮರಾಠಾ ಅನ್ನುವುದನ್ನೂ ಹಳೇ ಕಾಲದ ಸ್ಪೆಲ್ಲಿಂಗ್‌ನಲ್ಲೇ ಹಾಕಬೇಕು, ಮ ಆದ ಮೇಲೆ ಒಂದು ಎಚ್, ಕೊನೆಗೆ ಎರಡು ಟಿ.

ಇನ್ನೊಂದು ಒಳದಾರಿ ಇದೆ, ಇದು ನಮ್ಮ ಕಡೆಯವರಿಗಷ್ಟೇ ಹೊಳೆಯುವಂಥದ್ದು. ಬಹಳಷ್ಟು ಭಾರತೀಯ ಸಿಪಾಯಿಗಳ ಹೆಸರಿನ ಜೊತೆ ತಂದೆಯ ಹೆಸರು, ಊರು, ತಾಲೂಕು, ಜಿಲ್ಲೆ ಬರೆದಿರುತ್ತಾರೆ. ಅಲ್ಲಿ ಬೈಲಹೊಂಗಲ ಅಂತ ಹುಡುಕಿದರೆ ಪ್ರಯೋಜನವಿಲ್ಲ. ಆಗ ತಾಲೂಕಿನ ಹೆಸರು ಸಂಪಗಾಂವ, ಬೈಲಹೊಂಗಲ ಅದರ ಕಚೇರಿ ಇದ್ದ ಊರು ಅಷ್ಟೇ. ಜಿಲ್ಲೆ ಬೆಳಗಾಂ, ಪ್ರಾಂತ್ಯ ಬಾಂಬೆ. ಧಾರವಾಡದ ಕೊನೆಯಲ್ಲೂ ಡಿ ಬದಲು ಆರ್ ಇರುತ್ತದೆ. ಹಳೇ ಗೆಜೆಟಿಯರ್ (ಸರಕಾರ ಹೊರತಂದ ಜಿಲ್ಲೆಯ ವಿವರಗಳ ಪುಸ್ತಕ) ತೆಗೆದು ನಿಮ್ಮ ಊರು ಆಗ ಯಾವ ತಾಲೂಕಿನಲ್ಲಿತ್ತು ಅಂತ ಮೊದಲು ನೋಡಿಕೊಳ್ಳಿ.

ನಂಬರ್ ಕೂಡಿತು, ತಂದೆಯ ಹೆಸರು ಕೂಡಿತು, ಊರು ಒಂದಕ್ಷರ ಆಚೀಚೆ. 1916ರ ಮಾರ್ಚ್ ತಿಂಗಳ ಒಂದು ತಾರೀಖು. ಸ್ಮಾರಕ: ಬಸ್ರಾ ಮೆಮೋರಿಯಲ್.

ಆ ತಾರೀಖು ನೋಡಿದ ಮೇಲೆ ಉಳಿದದ್ದು ತಾನಾಗಿ ಬಿಚ್ಚಿಕೊಂಡಿತು. 110ನೇ ಪಲ್ಟನ್ ಜನರಲ್ ಟೌನ್‌ಶೆಂಡ್ ಕೈಕೆಳಗಿನ 6ನೇ ಡಿವಿಷನ್‌ನಲ್ಲಿತ್ತು. ಬಾಗ್ದಾದ್ ಹಿಡಿಯೋಕೆ ಹೋದ ಆ ಸೈನ್ಯ 1915ರ ನವೆಂಬರ್‌ನಲ್ಲಿ ಟೆಸಿಫಾನ್ ಹತ್ತಿರ ತುರ್ಕರ ಎದುರು ಬಹಳ ಜನರನ್ನು ಕಳೆದುಕೊಂಡು ಹಿಂದೆ ಸರಿಯಿತು. ಟೈಗ್ರಿಸ್ ನದಿ ಮೂರು ಕಡೆ ಸುತ್ತಿಕೊಂಡ ಕುಟ್ ಅನ್ನುವ ಊರಿಗೆ ಬಂದು ನಿಂತಾಗ ತುರ್ಕರು ಮುತ್ತಿಗೆ ಹಾಕಿದರು. 147 ದಿನ. ಬಿಡಿಸೋಕೆ ಬಂದ ಸೈನ್ಯ ದಾರಿಯಲ್ಲೇ ಸಾವಿರಾರು ಜನರನ್ನು ಕಳೆದುಕೊಂಡಿತು, ಒಳಗೆ ಮಾತ್ರ ಬರಲಾಗಲಿಲ್ಲ. ಒಳಗಿದ್ದವರಿಗೆ ಊಟ ಕಡಿಮೆಯಾಗುತ್ತಾ ಹೋಯಿತು, ಕುದುರೆ ಕಡಿದು ಹಂಚಿದರು, ನಮ್ಮವರು ಬಹಳ ದಿನ ಅದನ್ನು ಮುಟ್ಟಲಿಲ್ಲ, ಸ್ಕರ್ವಿ (ಹಣ್ಣು, ತರಕಾರಿ ಇಲ್ಲದೆ ಬರುವ ರೋಗ) ಹತ್ತಿತು. 1916ರ ಏಪ್ರಿಲ್ 29ಕ್ಕೆ ಶರಣಾಗತಿ.

ದೊಡ್ಡಜ್ಜ ಆ ದಿನದವರೆಗೂ ಇರಲಿಲ್ಲ. ಗುಂಡಿಗೋ, ಹಸಿವಿಗೋ, ಕಾಯಿಲೆಗೋ? ದಾಖಲೆಯಲ್ಲಿ ಕಾರಣ ಇಲ್ಲ. ನಮ್ಮ ಕಾಕಾ ತಕ್ಷಣ "ಲಡಾಯಿಯೊಳಗ ವೀರಮರಣ ಅಂತ ಬರಿ" ಅಂದರು. ನಾನು ಬರೆಯಲಿಲ್ಲ. ಹಸಿದು ಸತ್ತ ಸಿಪಾಯಿ ಗುಂಡು ತಗುಲಿ ಸತ್ತವನಿಗಿಂತ ಕಡಿಮೆಯೇನಲ್ಲ, ಮತ್ತೆ ನೂರು ವರ್ಷ ಕಾದು ಸಿಕ್ಕಿದ ನಾಲ್ಕು ಸಾಲಿನ ಪಕ್ಕ ನಾವೇ ಹುಟ್ಟಿಸಿದ ಐದನೇ ಸಾಲು ಸೇರಿಸಿದರೆ ಮುಂದಿನವರಿಗೆ ಯಾವುದು ನಿಜ ಅಂತ ತಿಳಿಯೋದು ಹೇಗೆ?

ಬಸ್ರಾ ಸ್ಮಾರಕದ ಕಥೆ ಹೇಳಲೇಬೇಕು. 1914ರಿಂದ 1921ರ ಆಗಸ್ಟ್‌ವರೆಗೆ ಇರಾಕಿನಲ್ಲಿ ಸತ್ತು ಗೋರಿ ಸಿಗದ 40,500ಕ್ಕೂ ಹೆಚ್ಚು ಜನರಿಗಾಗಿ 1929ರಲ್ಲಿ ಕಟ್ಟಿದ್ದು. ಹೆಸರಿರುತ್ತದೆ ಅಂತ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಇಲ್ಲ. ಬಿಳಿ ಸೈನಿಕರ ಹೆಸರೆಲ್ಲ ಫಲಕದ ಮೇಲಿವೆ, ಭಾರತೀಯ ಅಧಿಕಾರಿಗಳ ಹೆಸರೂ ಇವೆ. ಭಾರತೀಯ ಸಿಪಾಯಿಗಳಿಗೆ ಮಾತ್ರ ಪಲ್ಟನ್ನಿನ ಕೆಳಗೆ ಒಂದು ಸಂಖ್ಯೆ, ಇಷ್ಟು ಜನ ಅಂತ. ಹೆಸರೇನಿದ್ದರೂ ದಾಖಲೆ ಪುಸ್ತಕದೊಳಗೆ. 2021ರಲ್ಲಿ ಕಮಿಷನ್ನೇ ಒಂದು ವರದಿ ಹೊರತಂದು, ಆಫ್ರಿಕಾ ಮತ್ತು ಭಾರತದ ಕಡೆಯ ಸೈನಿಕರಿಗೆ ಸಮನಾದ ಗೌರವ ಕೊಟ್ಟಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು. ಸ್ಮಾರಕವೂ ಮೊದಲಿನ ಜಾಗದಲ್ಲಿಲ್ಲ. ನೌಕಾನೆಲೆಯ ಹತ್ತಿರ ಇತ್ತು ಅಂತ 1997ರಲ್ಲಿ ಸದ್ದಾಂ ಹುಸೇನ್ ಆಜ್ಞೆಯ ಮೇಲೆ ಕಲ್ಲು ಕಲ್ಲಾಗಿ ಬಿಚ್ಚಿ, ನಾಸಿರಿಯಾ ರಸ್ತೆಯಲ್ಲಿ 32 ಕಿಲೋಮೀಟರ್ ದೂರ ಮರುಭೂಮಿಯಲ್ಲಿ ಮತ್ತೆ ಕಟ್ಟಿದರು. ಅಂದರೆ ಅಲ್ಲಿಗೆ ಹೋಗಿ ಹೂ ಇಡಬೇಕು ಅಂದುಕೊಂಡರೂ ದೊಡ್ಡಜ್ಜನ ಹೆಸರಿನ ಮುಂದೆ ಇಡೋಕಾಗುವುದಿಲ್ಲ, ಒಂದು ಅಂಕಿಯ ಮುಂದೆ ಇಡಬೇಕು. ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಹಾಗಾಗಿ ಹೆಸರು ನಮ್ಮೂರಲ್ಲೇ ಹಾಕೋಣ ಅಂತ ತೀರ್ಮಾನಿಸಿದೆವು. ಕಮಿಷನ್ ಸೈಟಿನಿಂದ ಪ್ರತಿಯೊಬ್ಬರ ಹೆಸರಲ್ಲೂ ಒಂದು ಸರ್ಟಿಫಿಕೇಟ್ ಇಳಿಸಿಕೊಳ್ಳಬಹುದು, ಅದನ್ನು ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿದೆ. ಊರಿನ ಶಾಲೆಯ ಗೋಡೆಗೆ ಒಂದು ಕಡಪ ಕಲ್ಲು, ಅದರಲ್ಲಿ ಕನ್ನಡದಲ್ಲಿ ಹೆಸರು, ತಂದೆಯ ಹೆಸರು, ಪಲ್ಟನ್, ಕುಟ್, 1916. ಅಷ್ಟೇ. ಫೋಟೋ ಇಲ್ಲ. ಯಾರದೋ ಹಳೇ ಸಿಪಾಯಿಯ ಫೋಟೋ ಹಾಕಿ "ಇವರೇ" ಅನ್ನುವುದು ಬೇಡ ಅಂದೆ.

ಮನೆಯಲ್ಲಿ ಮಾತ್ರ ನನ್ನ ಆಟ ನಡೆಯಲಿಲ್ಲ. ತಾರೀಖು ಸಿಕ್ಕಿದೆ, ಹಳೇ ಪಂಚಾಂಗ ನೋಡಿ ತಿಥಿ ತೆಗೆದು ಅವತ್ತೇ ಎಡೆ ಇಡೋಣ ಅಂದೆ. ತಿಥಿ ಗೊತ್ತಿಲ್ಲದವರಿಗೆ ಇಡುವ ಹಾಗೆ ಮಹಾಲಯ ಅಮಾವಾಸ್ಯೆಗೇ ಇಡುತ್ತಾ ಬಂದಿದ್ದರು. ನಮ್ಮತ್ತಿ ಒಪ್ಪಲಿಲ್ಲ: "ಇಷ್ಟು ವರ್ಷ ಅವತ್ತ ಎಲ್ಲಾರ ಜೋಡಿ ಉಂಡಾರ. ಈಗ್ಯಾಕ ಒಬ್ಬರನ್ನೇ ಬ್ಯಾರೆ ಕುಂದ್ರಸ್ತಿ?" ಅಮಾವಾಸ್ಯೆಯೇ ಉಳಿಯಿತು. ಬಿಲ್ಲೆಗೆ ಕುಂಕುಮವೂ ನಡೆದಿದೆ, ಅಂಚಿಗೆ ಹತ್ತದ ಹಾಗೆ ಹಚ್ಚಿ ಅಂತ ಮಾತ್ರ ಹೇಳಿಟ್ಟಿದ್ದೇನೆ.

ಹುಡುಕುವಾಗ ಸಂಪಗಾಂವ ತಾಲೂಕಿನ ಬೇರೆ ಊರುಗಳ ಹೆಸರುಗಳೂ ಕಣ್ಣಿಗೆ ಬಿದ್ದವು. ಅವನ್ನು ಊರಿನ ಪ್ರಕಾರ ಬರೆದಿಟ್ಟುಕೊಂಡು, ಸಂತೆ ದಿನ ಆಯಾ ಊರಿನ ಹಿರಿಯರು ಸಿಕ್ಕಾಗ ತೋರಿಸುತ್ತಿದ್ದೇನೆ. ಇಂಗ್ಲಿಷ್ ಸ್ಪೆಲ್ಲಿಂಗನ್ನು ಜೋರಾಗಿ ಎರಡು ಮೂರು ಥರ ಓದಿದರೆ ಯಾರಾದರೊಬ್ಬರು "ಓ, ಅದು ನಮ್ಮ ಓಣಿ ಮನಿತನ" ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಬಿಲ್ಲೆ ಇದ್ದರೆ ಮೊದಲು ಅಂಚಿನ ಫೋಟೋ ತೆಗೆದಿಡಿ.