ಮೆಟ್ರೋ ನಿಂತ ಸುದ್ದಿ ಮನೆ ಬಿಡುವ ಮೊದಲೇ ಸಿಗಬೇಕಾದರೆ

ಬೆಂಗಳೂರಿನಲ್ಲಿ ಮೆಟ್ರೋ ಸೇವೆಯ ವ್ಯತ್ಯಯವನ್ನು ಅದನ್ನು ನಡೆಸುವ ನಿಗಮವಾದ ಬಿಎಂಆರ್‌ಸಿಎಲ್ ತನ್ನ ಎಕ್ಸ್ (ಹಿಂದಿನ ಟ್ವಿಟರ್) ಖಾತೆಯಲ್ಲಿ ಹಾಕುತ್ತದೆ. ಆದರೂ ಬಹಳ ಜನರಿಗೆ ಅದು ತಿಳಿಯುವುದು ನಿಲ್ದಾಣದ ಗೇಟಿನ ಮುಂದೆ ನಿಂತಾಗಲೇ. ಖಾತೆಯನ್ನು ಫಾಲೋ ಮಾಡಿದರೆ ಸಾಲದು. ಎಕ್ಸ್‌ನ ‘ಫಾರ್ ಯೂ’ ಪುಟ ಸಮಯದ ಕ್ರಮದಲ್ಲಿ ಇರುವುದಿಲ್ಲ. ಬೆಳಗ್ಗೆ 6ಕ್ಕೆ ಹಾಕಿದ ಸೂಚನೆ ಸಂಜೆ ಕಣ್ಣಿಗೆ ಬೀಳಬಹುದು. ಲಾಗಿನ್ ಆಗದೆ ಬ್ರೌಸರಿನಲ್ಲಿ ನೋಡಿದರಂತೂ ಹಿಂದೆಂದೋ ಹೆಚ್ಚು ಲೈಕ್ ಬಿದ್ದ ಪೋಸ್ಟುಗಳೇ ಮೇಲೆ ಬರುತ್ತವೆ.

ಮೊದಲು ಅಸಲಿ ಖಾತೆ ಹಿಡಿಯಿರಿ. ನೀಲಿ ಟಿಕ್ ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತದೆ, ಅದನ್ನು ನೆಚ್ಚಬೇಡಿ. ನಿಗಮದ ಅಧಿಕೃತ ಜಾಲತಾಣದಲ್ಲಿರುವ ಕೊಂಡಿಯಿಂದಲೇ ಖಾತೆಗೆ ಹೋಗಿ. ಫಾಲೋ ಮಾಡಿದ ಮೇಲೆ ಪಕ್ಕದಲ್ಲಿ ಗಂಟೆಯ ಚಿಹ್ನೆ ಬರುತ್ತದೆ. ಅದನ್ನು ಒತ್ತಿ ಎಲ್ಲ ಪೋಸ್ಟುಗಳೂ ಬರುವಂತೆ ಆರಿಸಿ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಗೆ ನೋಟಿಫಿಕೇಶನ್ ಅನುಮತಿ ಕೊಟ್ಟು, ಬ್ಯಾಟರಿ ನಿರ್ಬಂಧ ತೆಗೆಯಿರಿ. ಈ ಕೊನೆಯದನ್ನು ಬಿಟ್ಟರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಆ್ಯಪ್ ಹಿನ್ನೆಲೆಯಲ್ಲಿ ಮಲಗಿಬಿಡುತ್ತದೆ. ನೀವು ತೆರೆದಾಗಲೇ ಸೂಚನೆಗಳೆಲ್ಲ ಒಟ್ಟಿಗೆ ಬರುತ್ತವೆ.

ಗಂಟೆ ಮೆಟ್ರೋ ಖಾತೆಯೊಂದಕ್ಕೇ ಇರಲಿ. ಎಲ್ಲದಕ್ಕೂ ಹಾಕಿದರೆ ಸದ್ದು ತಾಳಲಾರದೆ ಎಲ್ಲವನ್ನೂ ಆಫ್ ಮಾಡಿಬಿಡುತ್ತೀರಿ. ಬಿಎಂಟಿಸಿ, ಬೆಂಗಳೂರು ಸಂಚಾರ ಪೊಲೀಸ್, ರೈಲಿನಲ್ಲಿ ಓಡಾಡುವವರಾದರೆ ನೈಋತ್ಯ ರೈಲ್ವೆ, ಇವುಗಳಿಗೆ ಎಕ್ಸ್‌ನಲ್ಲಿ ಒಂದು ಪ್ರೈವೇಟ್ ಲಿಸ್ಟ್ (ನಿಮಗೆ ಮಾತ್ರ ಕಾಣುವ ಖಾತೆಗಳ ಪಟ್ಟಿ) ಮಾಡಿ ಪಿನ್ ಮಾಡಿ. ಅದು ಎಕ್ಸ್‌ನ ಮುಖಪುಟದ ಮೇಲ್ಭಾಗದಲ್ಲೇ ಟ್ಯಾಬ್ ಆಗಿ ಕೂರುತ್ತದೆ. ಹೊರಡುವ ಮುಂಚೆ ಅದೊಂದನ್ನು ನೋಡಿದರೆ ಸಾಕು.

ಬಸ್ಸಿನವರಿಗೆ ಸಂಚಾರ ಪೊಲೀಸರ ಖಾತೆಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮ್ಮ ಬಸ್ಸಿನ ನಂಬರ್ ಹುಡುಕುತ್ತಾ ಕೂರಬೇಡಿ. ಪೊಲೀಸ್ ಸೂಚನೆಯಲ್ಲಿ ರಸ್ತೆಯ ಹೆಸರಿರುತ್ತದೆ, ಬಸ್ಸಿನದಲ್ಲ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ಬಂದ್ ಎಂದಿದ್ದರೆ, ಆ ರಸ್ತೆ ಹಿಡಿಯುವ ಬಸ್ಸುಗಳೆಲ್ಲ ಸುತ್ತು ಹಾಕುತ್ತವೆ ಎಂದೇ ಅರ್ಥ. ಮಳೆಗೆ ಅಂಡರ್‌ಪಾಸಿನಲ್ಲಿ ನೀರು ನಿಂತಾಗಲೂ ಹೀಗೆಯೇ ಓದಬೇಕು.

ಮೆಟ್ರೋ ಸೂಚನೆ ಬಹಳ ಸಲ ಪತ್ರಿಕಾ ಪ್ರಕಟಣೆಯ ಚಿತ್ರವಾಗಿ ಬರುತ್ತದೆ. ಅದರೊಳಗಿನ ಅಕ್ಷರ ಹುಡುಕಾಟದಲ್ಲಿ ಸಿಗದಿರಬಹುದು, ಚಿತ್ರ ತೆರೆದೇ ಓದಿ. ನೋಡಬೇಕಾದ್ದು ಮೂರು: ತಾರೀಖು, ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ, ಎಷ್ಟು ಗಂಟೆಯವರೆಗೆ. ಇಡೀ ಮಾರ್ಗ ನಿಲ್ಲುವುದು ಅಪರೂಪ. 2023ರ ಅಕ್ಟೋಬರ್ 3ರಂದು ರಾಜಾಜಿನಗರದ ಬಳಿ ನಿರ್ವಹಣಾ ವಾಹನ ಹಳಿ ತಪ್ಪಿದಾಗ ತೊಂದರೆಯಾದದ್ದು ಹಸಿರು ಮಾರ್ಗದ ಯಶವಂತಪುರ–ಮಂತ್ರಿ ಸ್ಕ್ವೇರ್ ನಡುವೆ. ಉಳಿದ ಭಾಗಗಳಲ್ಲಿ ರೈಲು ಓಡುತ್ತಿತ್ತು. ಹಳದಿ ಮಾರ್ಗದವರು ಹಸಿರು ಮಾರ್ಗದ ಸೂಚನೆಯನ್ನೂ ಬಿಡದೆ ಓದಬೇಕು. ಬೊಮ್ಮಸಂದ್ರದ ರೈಲು ಆರ್‌.ವಿ. ರಸ್ತೆಯಲ್ಲೇ ಕೊನೆಯಾಗುತ್ತದೆ, ಮೆಜೆಸ್ಟಿಕ್‌ಗೆ ಅಲ್ಲಿಂದ ಹಸಿರು ಮಾರ್ಗವೇ ಗತಿ.

ದಿಢೀರ್ ಕೆಟ್ಟಾಗ ಅಧಿಕೃತ ಪೋಸ್ಟಿಗಿಂತ ಮೊದಲು ಪ್ರಯಾಣಿಕರೇ ಬರೆದಿರುತ್ತಾರೆ. ಮಾರ್ಗದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹುಡುಕಿ, ‘ಲೇಟೆಸ್ಟ್’ ಟ್ಯಾಬಿಗೆ ಹೋಗಿ. ಒಬ್ಬರ ಮಾತಿಗೆ ದಾರಿ ಬದಲಿಸಬೇಡಿ. ಬೇರೆ ಬೇರೆ ನಿಲ್ದಾಣಗಳಿಂದ ಇಬ್ಬರಾದರೂ ಕೆಲವೇ ನಿಮಿಷಗಳ ಹಿಂದೆ ಅದೇ ಮಾತು ಹೇಳಿದ್ದರೆ ನಂಬಬಹುದು.

ವಾಟ್ಸ್‌ಆ್ಯಪ್ ಗುಂಪಿಗೆ ಬರುವ ‘ನಾಳೆ ಮೆಟ್ರೋ ಇಲ್ಲ’ ಎಂಬ ಸ್ಕ್ರೀನ್‌ಶಾಟಿನಲ್ಲಿ ತಾರೀಖು ಕತ್ತರಿಸಿ ಹೋಗಿರುವುದುಂಟು. ಮೂಲ ಪೋಸ್ಟ್ ಸಿಗುವವರೆಗೆ ಯಾರಿಗೂ ಮುಂದಕ್ಕೆ ಕಳಿಸಬೇಡಿ. ವಾಟ್ಸ್‌ಆ್ಯಪ್ ಚಾನೆಲ್ ಸೇರಿದ್ದರೂ ಅದು ಮೊದಲಿನಿಂದಲೇ ಮ್ಯೂಟ್ ಆಗಿರುತ್ತದೆ, ಗಂಟೆ ಒತ್ತಿ ಬಿಡಿಸಿಕೊಳ್ಳಬೇಕು.

ಹಳಿ ಕೆಲಸಕ್ಕೆಂದು ಮೊದಲೇ ಹೇಳಿ ನಿಲ್ಲಿಸುವುದು ಹೆಚ್ಚಾಗಿ ಭಾನುವಾರ ಬೆಳಗ್ಗೆ. ಆ ಹೊತ್ತಿಗೆ ಪರೀಕ್ಷೆಗೋ ರೈಲಿಗೋ ಹೊರಡುವವರಿದ್ದರೆ ಶನಿವಾರ ರಾತ್ರಿಯೇ ನೋಡಿಟ್ಟುಕೊಳ್ಳಿ.