ಚೌತಿ ಮಂಟಪದ ಪರದೆಗೆ ಎರಡೂ ಕಡೆ ತಿರುಗುವ ಮೋಟಾರು

ಗಣಪತಿ ಕೂರಿಸುವ ಮುಂಬಯಿ ಮನೆಗಳಲ್ಲಿ ಈಗ ಮಖರದ, ಅಂದರೆ ಗಣಪತಿಯ ಅಲಂಕಾರ ಮಂಟಪದ ಗಡಿಬಿಡಿ. 2018ರಲ್ಲಿ ಮಹಾರಾಷ್ಟ್ರ ಸರಕಾರ ಥರ್ಮೋಕೋಲ್ ನಿಷೇಧಿಸಿದ ಮೇಲೆ ರಟ್ಟು, ಬಿದಿರು, ಬಟ್ಟೆಯ ಮಂಟಪಗಳು ಬಂದಿವೆ. ಬಟ್ಟೆ ಬಂತೆಂದರೆ ಪರದೆಯ ಆಸೆಯೂ ಬಂತು. ಆರತಿಗೆ ಪರದೆ ಸರಿಯಬೇಕು, ಮುಗಿದ ಮೇಲೆ ಮುಚ್ಚಬೇಕು, ತುದಿ ಮುಟ್ಟಿದೊಡನೆ ತಾನೇ ನಿಲ್ಲಬೇಕು. ಇಷ್ಟಕ್ಕೆ ಒಂದು ಪುಟ್ಟ ಗೇರ್ ಮೋಟಾರು ಮತ್ತು ಆರು ಟ್ರಾನ್ಸಿಸ್ಟರು ಸಾಕು.

ಡಿಸಿ ಮೋಟಾರು ಹಿಮ್ಮುಖ ತಿರುಗಬೇಕಾದರೆ ಅದರ ಎರಡು ವಯರುಗಳ ಪ್ಲಸ್-ಮೈನಸ್ ಅದಲುಬದಲಾಗಬೇಕು, ಅಷ್ಟೆ. ಕೈಯಲ್ಲೇ ಚಾಲು ಮಾಡಿ ಕೈಯಲ್ಲೇ ನಿಲ್ಲಿಸುವವರಿಗೆ ಆರು ಕಾಲಿನ ಡಿಪಿಡಿಟಿ ಸ್ವಿಚ್ಚೇ ಧಾರಾಳ: ನಡುವಿನ ಎರಡು ಕಾಲಿಗೆ ಬ್ಯಾಟರಿ, ಒಂದು ತುದಿಯ ಎರಡು ಕಾಲಿಗೆ ಮೋಟಾರು, ಅಲ್ಲಿಂದ ಇನ್ನೊಂದು ತುದಿಯ ಕಾಲುಗಳಿಗೆ ಅಡ್ಡಡ್ಡ ಎರಡು ವಯರು. ಅವರು ಮುಂದೆ ಓದಬೇಕಾಗಿಲ್ಲ. ತಾನಾಗಿ ನಿಲ್ಲಬೇಕು, ಅಥವಾ ಮುಂದೊಂದು ದಿನ ಟೈಮರ್, ರಿಮೋಟ್, ಪ್ರೋಗ್ರಾಮ್ ಬರೆದು ನಡೆಸುವ ಆರ್ಡುಯಿನೊ ಬೋರ್ಡ್ ಇದನ್ನು ನಡೆಸಬೇಕು ಎಂದಾದರೆ ಟ್ರಾನ್ಸಿಸ್ಟರ್ ಬೇಕು. ಮೋಟಾರು ನಡೆಸುವ ಎಲ್298 ಚಿಪ್ಪಿನ ಸಿದ್ಧ ಮಾಡ್ಯೂಲ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ತನ್ನಲ್ಲೇ ಸುಮಾರು 2 ವೋಲ್ಟ್ ನುಂಗುತ್ತದೆ. 12 ವೋಲ್ಟಿನಲ್ಲಿ ಅದು ಗೊತ್ತಾಗುವುದಿಲ್ಲ. 6 ವೋಲ್ಟಿನಲ್ಲಿ ಮೋಟಾರು ಸೊರಗುತ್ತದೆ. ನಾವು ಕಟ್ಟುವ ಸರ್ಕಿಟ್ಟಿನಲ್ಲಿ ನಷ್ಟ ಸುಮಾರು ಅರ್ಧ ವೋಲ್ಟ್.

ಸಾಮಾನು

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ನಡೆದರೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಡಾ. ಭಡಕಮಕರ್ ಮಾರ್ಗ ಎಂದಿದ್ದರೂ ಟ್ಯಾಕ್ಸಿಯವರಿಗೂ ಅಂಗಡಿಯವರಿಗೂ ಅದು ಇನ್ನೂ ಲ್ಯಾಮಿಂಗ್ಟನ್ನೇ. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹೋಗಿ. ಚೀಟಿ ಬರೆದುಕೊಂಡು ಹೋಗುವುದು ಲೇಸು. ಗಿರಾಕಿ ತಡವರಿಸಿದರೆ ಕೌಂಟರಿನವರು ‘ನಂಬರ್ ಬೋಲೋ ಭಾಯ್’ ಎಂದು ಮುಂದಿನವರತ್ತ ತಿರುಗಿಬಿಡುತ್ತಾರೆ.

ಚೀಟಿಯಲ್ಲಿ ಇಷ್ಟಿರಲಿ: ಟ್ರಾನ್ಸಿಸ್ಟರುಗಳಲ್ಲಿ ಬಿಡಿ139 ಎರಡು, ಬಿಡಿ140 ಎರಡು, ಬಿ.ಸಿ.547 ಎರಡು, 1ಎನ್4007 ಡಯೋಡ್ ನಾಲ್ಕು. ಕಾಲು ವ್ಯಾಟ್ ರೆಸಿಸ್ಟರುಗಳಲ್ಲಿ 220 ಓಮ್ ಎರಡು, 1 ಕಿಲೊಓಮ್ ಆರು, 10 ಕಿಲೊಓಮ್ ಎರಡು, 330 ಓಮ್ ಒಂದು. ಪರೀಕ್ಷೆಗೆ 47 ಓಮ್, 1 ವ್ಯಾಟಿನದೊಂದು. 104 ಎಂದು ಬರೆದ ಸೆರಾಮಿಕ್ ಕೆಪಾಸಿಟರ್ ಒಂದು, 470 ಮೈಕ್ರೊಫ್ಯಾರಡ್ 25 ವೋಲ್ಟಿನದೊಂದು. ಕೆಂಪು, ಹಸಿರು ಎಲ್‌ಇಡಿ ಒಂದೊಂದು. ನಡುವೆ ನಿಂತರೆ ಆಫ್ ಆಗುವ ಮೂರು ಕಾಲಿನ ಟಾಗಲ್ ಸ್ವಿಚ್, ಉದ್ದ ಲಿವರಿನ ಎರಡು ಮೈಕ್ರೊ ಸ್ವಿಚ್, 500 ಮಿಲಿಆಂಪಿನ ಸ್ಲೋ-ಬ್ಲೋ ಗಾಜಿನ ಫ್ಯೂಸ್ ಮತ್ತು ಹೋಲ್ಡರ್, ಜನರಲ್ ಪರ್ಪಸ್ ಬೋರ್ಡ್, 6 ವೋಲ್ಟ್ 1 ಆಂಪಿನ ಡಿಸಿ ಅಡಾಪ್ಟರ್. ಮೋಟಾರಿಗೆ ಆಟಿಕೆ ರೋಬೋಟುಗಳಲ್ಲಿ ಬರುವ ಹಳದಿ ಡಬ್ಬಿಯ ಗೇರ್ ಮೋಟಾರ್ ಸಾಕು, ಬಿಓ ಮೋಟಾರ್ ಎಂದರೆ ಕೊಡುತ್ತಾರೆ.

ಅಂಗಡಿಯಲ್ಲಿ ಮಲ್ಟಿಮೀಟರ್ ಇದ್ದರೆ ಮೋಟಾರಿನ ರೆಸಿಸ್ಟೆನ್ಸ್ ನೋಡಿ. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತ ಸಿಗುವ ಅತಿ ಕಡಿಮೆ ಅಂಕೆ 6 ಓಮ್ ಎನ್ನಿ. 6 ವೋಲ್ಟನ್ನು ಅದರಿಂದ ಭಾಗಿಸಿದರೆ 1 ಆಂಪ್. ಮೋಟಾರು ಸಿಕ್ಕಿಬಿದ್ದು ನಿಂತಾಗ ಎಳೆಯಬಯಸುವ ಕರೆಂಟ್, ಅಂದರೆ ಸ್ಟಾಲ್ ಕರೆಂಟ್ ಅದು. ಬಿಡಿ139ರ ಮಿತಿ 1.5 ಆಂಪ್. ಭಾಗಲಬ್ಧ ಒಂದಕ್ಕಿಂತ ಹೆಚ್ಚು ಬರುವ ಮೋಟಾರು ಈ ಸರ್ಕಿಟ್ಟಿಗೆ ಬೇಡ.

ಒಳಗೆ ನಡೆಯುವುದೇನು

ಸರ್ಕಿಟ್ಟಿನ ಹೆಸರು ಎಚ್-ಬ್ರಿಜ್. ಇಂಗ್ಲಿಷಿನ ಎಚ್ ಅಕ್ಷರದ ಎರಡು ಕಂಬಗಳಲ್ಲಿ ನಾಲ್ಕು ಟ್ರಾನ್ಸಿಸ್ಟರ್, ಅಡ್ಡಗೆರೆಯಲ್ಲಿ ಮೋಟಾರು. ಟ್ರಾನ್ಸಿಸ್ಟರಿಗೆ ಮೂರು ಕಾಲು: ಬೇಸಿನಲ್ಲಿ ತುಸು ಕರೆಂಟು ಹರಿದರೆ ಎಮಿಟರ್ ಮತ್ತು ಕಲೆಕ್ಟರ್ ನಡುವಿನ ದಾರಿ ತೆರೆದು ಹೆಚ್ಚು ಕರೆಂಟು ಹರಿಯುತ್ತದೆ. ಎನ್‌ಪಿಎನ್ ಜಾತಿಯದು ಬೇಸಿಗೆ ಕರೆಂಟು ಕೊಟ್ಟರೆ ತೆರೆಯುತ್ತದೆ, ಪಿಎನ್‌ಪಿ ಜಾತಿಯದು ಬೇಸಿನಿಂದ ಎಳೆದರೆ. ಮೇಲಿನ ಎರಡು ಬಿಡಿ140, ಅಂದರೆ ಪಿಎನ್‌ಪಿ. ಅವುಗಳ ಎಮಿಟರ್ ಪ್ಲಸ್ಸಿಗೆ. ಕೆಳಗಿನ ಎರಡು ಬಿಡಿ139, ಎನ್‌ಪಿಎನ್, ಎಮಿಟರ್ ಮೈನಸ್ಸಿಗೆ. ಎಡಕಂಬದ ಎರಡೂ ಕಲೆಕ್ಟರುಗಳು ಕೂಡುವಲ್ಲಿ ಮೋಟಾರಿನ ಒಂದು ವಯರು, ಬಲಕಂಬದಲ್ಲಿ ಇನ್ನೊಂದು. ಎಡ-ಮೇಲಿನದೂ ಬಲ-ಕೆಳಗಿನದೂ ತೆರೆದರೆ ಕರೆಂಟು ಮೋಟಾರಿನಲ್ಲಿ ಎಡದಿಂದ ಬಲಕ್ಕೆ ಹರಿಯುತ್ತದೆ. ಬಲ-ಮೇಲಿನದೂ ಎಡ-ಕೆಳಗಿನದೂ ತೆರೆದರೆ ಬಲದಿಂದ ಎಡಕ್ಕೆ. ಒಂದೇ ಕಂಬದ ಮೇಲಿನದೂ ಕೆಳಗಿನದೂ ಒಟ್ಟಿಗೆ ತೆರೆದರೆ? ಪ್ಲಸ್ಸಿನಿಂದ ಮೈನಸ್ಸಿಗೆ ನೇರ ದಾರಿ, ಶಾರ್ಟ್. ಎಚ್-ಬ್ರಿಜ್ ಸುಟ್ಟಿತೆಂದು ಕೇಳುವ ಕತೆಗಳಲ್ಲಿ ಹೆಚ್ಚಿನವುಗಳ ಹಿಂದೆ ಇದೇ ಇರುತ್ತದೆ.

ಜೋಡಿಗಳನ್ನು ತೆರೆಯುವುದು ಬಿ.ಸಿ.547. ಅದರ ಕಲೆಕ್ಟರಿನಿಂದ 220 ಓಮ್ ಮೂಲಕ ಎಡ-ಮೇಲಿನ ಬಿಡಿ140ರ ಬೇಸಿಗೆ. ಅದರ ಎಮಿಟರ್ ನೇರವಾಗಿ ಬಲ-ಕೆಳಗಿನ ಬಿಡಿ139ರ ಬೇಸಿಗೆ. ಮೇಲಿನದರ ಬೇಸಿನಿಂದ ಎಳೆದ ಕರೆಂಟೇ ಕೆಳಗಿನದರ ಬೇಸಿಗೆ ಇಳಿಯುತ್ತದೆ, ಒಂದೇ ಖರ್ಚಿನಲ್ಲಿ ಎರಡು ಕೆಲಸ. ಈ ಸರ್ಕಿಟ್ಟಿನಲ್ಲಿ ನನಗೆ ಬಲು ಇಷ್ಟವಾದ ಜಾಗ ಇದು. ಲೆಕ್ಕ ಹೀಗೆ: 6 ವೋಲ್ಟಿನಲ್ಲಿ ಎರಡು ಬೇಸ್-ಎಮಿಟರ್ ಸಂಧಿಗಳೂ ಬಿ.ಸಿ.547ರ ಸ್ವಲ್ಪವೂ ಸೇರಿ 1.7 ಹೋಯಿತು. ಉಳಿದ 4.3ನ್ನು 220ರಿಂದ ಭಾಗಿಸಿದರೆ ಸುಮಾರು 20 ಮಿಲಿಆಂಪ್. ಮೋಟಾರು ಎಳೆಯುವುದು 200 ಮಿಲಿಆಂಪ್ ಎಂದಿಟ್ಟುಕೊಂಡರೆ ಬೇಸಿಗೆ ಅದರ ಹತ್ತರಲ್ಲೊಂದು ಪಾಲು ಸಿಕ್ಕಿತು. ಟ್ರಾನ್ಸಿಸ್ಟರ್ ಪೂರ್ತಿ ತೆರೆದು ತಣ್ಣಗಿರಲು ಇಷ್ಟು ಬೇಕು. ಇನ್ನೊಂದು ಬಿ.ಸಿ.547 ಇದೇ ರೀತಿ ಬಲ-ಮೇಲಿನದಕ್ಕೂ ಎಡ-ಕೆಳಗಿನದಕ್ಕೂ.

ಜೋಡಣೆ

ಮೊದಲು ಕಾಲುಗಳ ಗುರುತು. ಬಿಡಿ139, 140ರ ಬರಹ ನಿಮ್ಮತ್ತ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿ.ಸಿ.547ರ ಚಪ್ಪಟೆ ಮುಖ ನಿಮ್ಮತ್ತ ಇದ್ದರೆ ಕಲೆಕ್ಟರ್, ಬೇಸ್, ಎಮಿಟರ್. ಬಿಡಿ ಜಾತಿಯ ಬೆನ್ನಿನ ಲೋಹ ಒಳಗೆ ಕಲೆಕ್ಟರಿಗೇ ಸೇರಿದೆ. ಹಾಗಾಗಿ ಒಂದೇ ಕಂಬದ ಎರಡರ ಬೆನ್ನು ಒಂದಕ್ಕೊಂದು ತಾಗಿದರೆ ಬಾಧಕವಿಲ್ಲ, ಎಡಕಂಬದ್ದು ಬಲಕಂಬಕ್ಕೆ ತಾಗಬಾರದು.

ಬೋರ್ಡಿನ ಮೇಲಂಚಿಗೆ ಪ್ಲಸ್ ಗೆರೆ, ಕೆಳಅಂಚಿಗೆ ಮೈನಸ್ ಗೆರೆ ಎಳೆದು ನಡುವೆ ನಾಲ್ಕು ಟ್ರಾನ್ಸಿಸ್ಟರ್ ಕೂರಿಸಿ. ನಾಲ್ಕಕ್ಕೂ ಬೇಸ್ ಮತ್ತು ಎಮಿಟರ್ ನಡುವೆ 1 ಕಿಲೊಓಮ್ ಹಾಕಿ. ಆಫ್ ಇದ್ದಾಗ ಸೋರುವ ಕರೆಂಟಿನಿಂದ ಅವು ಅರೆಬರೆ ತೆರೆಯದಿರಲಿ. ಆಮೇಲೆ ಎರಡು ಬಿ.ಸಿ.547. ಅವುಗಳ ಬೇಸಿಗೆ 1 ಕಿಲೊಓಮ್ ಮೂಲಕ ಸ್ವಿಚ್ಚಿನ ವಯರು, ಬೇಸಿನಿಂದ ಮೈನಸ್ಸಿಗೆ 10 ಕಿಲೊಓಮ್.

ಡಯೋಡುಗಳನ್ನು ಬಿಡಬೇಡಿ. ಮೋಟಾರಿನೊಳಗಿರುವುದು ಸುರುಳಿ. ಕರೆಂಟನ್ನು ಥಟ್ಟನೆ ಕಡಿದರೆ ಅದು ಹೆಚ್ಚು ವೋಲ್ಟೇಜ್ ಎಬ್ಬಿಸಿ ಟ್ರಾನ್ಸಿಸ್ಟರಿಗೆ ಹೊಡೆಯುತ್ತದೆ. ಮೋಟಾರಿನ ಪ್ರತಿ ವಯರಿನಿಂದ ಪ್ಲಸ್ಸಿಗೊಂದು ಡಯೋಡ್, ಬಿಳಿ ಪಟ್ಟಿ ಪ್ಲಸ್ ಕಡೆಗೆ. ಮೈನಸ್ಸಿನಿಂದ ಪ್ರತಿ ವಯರಿಗೊಂದು, ಪಟ್ಟಿ ಮೋಟಾರಿನ ಕಡೆಗೆ. ಯಾವುದೊಂದು ತಿರುವುಮುರುವಾದರೂ ಶಾರ್ಟಿಗೆ ದಾರಿ. 104 ಕೆಪಾಸಿಟರನ್ನು ಮೋಟಾರಿನ ಎರಡು ಕಾಲುಗಳಿಗೇ ಬೆಸೆಯಿರಿ, ಬ್ರಷ್ಷಿನ ಕಿಡಿಯಿಂದ ರೇಡಿಯೊದಲ್ಲಿ ಬರುವ ಗರಗರ ತಗ್ಗುತ್ತದೆ. 470 ಮೈಕ್ರೊಫ್ಯಾರಡ್ ಪ್ಲಸ್-ಮೈನಸ್ ಗೆರೆಗಳ ನಡುವೆ, ಧ್ರುವ ನೋಡಿಕೊಂಡು. ಫ್ಯೂಸ್ ಪ್ಲಸ್ ದಾರಿಯಲ್ಲಿ.

ಟಾಗಲ್ ಸ್ವಿಚ್ಚಿನ ನಡುಗಾಲು ಪ್ಲಸ್ಸಿಗೆ, ಅಕ್ಕಪಕ್ಕದ ಕಾಲುಗಳು ಎರಡು ಬಿ.ಸಿ.547ಗಳ ಕಡೆಗೆ. ಒಂದೇ ಸ್ವಿಚ್ ಏಕಕಾಲಕ್ಕೆ ಎರಡೂ ಕಡೆ ವಾಲಲಾರದು, ಆದ್ದರಿಂದ ಮೇಲೆ ಹೇಳಿದ ಶಾರ್ಟ್ ಆಗುವ ಪ್ರಮೇಯವೇ ಇಲ್ಲ. ಎರಡು ಬೇರೆ ಬೇರೆ ಪುಶ್ ಬಟನ್ ಹಾಕುವ ಆಸೆ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಎರಡನ್ನೂ ಒಟ್ಟಿಗೆ ಒತ್ತಿಯೇ ಒತ್ತುತ್ತಾರೆ.

ಮೋಟಾರಿಗೆ ಮೊದಲು ಎಲ್‌ಇಡಿ

ಮೋಟಾರಿನ ಜಾಗದಲ್ಲಿ 330 ಓಮ್ ಮತ್ತು ಅದರ ಸರಣಿಯಲ್ಲಿ ಕೆಂಪು-ಹಸಿರು ಎಲ್‌ಇಡಿ ಜೋಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಪ್ರತಿಯೊಂದರ ಉದ್ದ ಕಾಲು ಇನ್ನೊಂದರ ಗಿಡ್ಡ ಕಾಲಿಗೆ ಸೇರುವಂತೆ. ಫ್ಯೂಸಿನ ಜಾಗದಲ್ಲಿ 47 ಓಮ್, 1 ವ್ಯಾಟ್. ಎಲ್ಲೋ ಶಾರ್ಟ್ ಇದ್ದರೂ ಕರೆಂಟು 130 ಮಿಲಿಆಂಪ್ ದಾಟದು, ಯಾವುದೂ ಸುಡುವುದಿಲ್ಲ. ಸ್ವಿಚ್ ಒಂದು ಕಡೆ ವಾಲಿಸಿದರೆ ಕೆಂಪು, ಇನ್ನೊಂದು ಕಡೆ ಹಸಿರು, ನಡುವೆ ಕತ್ತಲು ಇರಬೇಕು. ಯಾವುದೂ ಹೊತ್ತದೆ 47 ಓಮ್ ಮಾತ್ರ ಬಿಸಿಯಾದರೆ ಡಯೋಡಿನ ಪಟ್ಟಿಗಳನ್ನೂ ಬೆಸುಗೆ ಹಾಯ್ದುಹೋದ ಕಡೆಗಳನ್ನೂ ನೋಡಿ.

ಸರಿಯಿದ್ದರೆ ಫ್ಯೂಸ್ ಹಾಕಿ ಮೋಟಾರು ಜೋಡಿಸಿ. ತಿರುಗುತ್ತಿರುವಾಗ ತೆರೆದಿರುವ ಟ್ರಾನ್ಸಿಸ್ಟರಿನ ಕಲೆಕ್ಟರ್-ಎಮಿಟರ್ ನಡುವೆ ಅಳೆಯಿರಿ. 0.2, 0.3 ವೋಲ್ಟ್ ಬಂದರೆ ಸೊಗಸು. 1 ವೋಲ್ಟ್ ದಾಟಿದ್ದರೆ ಮೋಟಾರಿಗೆ ಹೊರೆ ಜಾಸ್ತಿಯಾಗಿದೆ ಅಥವಾ ಬೇಸಿಗೆ ಕರೆಂಟು ಸಾಲುತ್ತಿಲ್ಲ. ಬೆರಳಿಟ್ಟರೆ ಬಿಸಿಯೂ ಗೊತ್ತಾದೀತು. ಪೂರ್ತಿ ವೇಗದಲ್ಲಿರುವಾಗ ಸ್ವಿಚ್ಚನ್ನು ಈ ತುದಿಯಿಂದ ಆ ತುದಿಗೆ ಒಮ್ಮೆಲೇ ತಳ್ಳಬೇಡಿ. ತಿರುಗುವ ಮೋಟಾರು ತಾನೂ ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ, ಅದು ಸಪ್ಲೈಗೆ ಕೂಡಿಕೊಂಡು ಕರೆಂಟು ಸ್ಟಾಲಿನ ಸುಮಾರು ಎರಡು ಪಟ್ಟಿನವರೆಗೂ ಏರಬಹುದು. ನಡುವೆ ಅರೆಕ್ಷಣ ನಿಲ್ಲಿಸಿ.

ತುದಿಯಲ್ಲಿ ನಿಲ್ಲಿಸುವುದು

ಮೈಕ್ರೊ ಸ್ವಿಚ್ಚಿಗೆ ಮೂರು ಕಾಲು. ‘ಕಾಮನ್’ ಮತ್ತು ‘ಎನ್‌ಸಿ’ ಬಳಸಿ. ಲಿವರ್ ಒತ್ತಿದಾಗ ಈ ದಾರಿ ಕಡಿಯುತ್ತದೆ. ಪರದೆ ತೆರೆಯುವ ದಿಕ್ಕಿನ ಬಿ.ಸಿ.547ಗೆ ಹೋಗುವ ವಯರು ತೆರೆದ ತುದಿಯ ಸ್ವಿಚ್ಚಿನ ಮೂಲಕ ಹೋಗಲಿ, ಮುಚ್ಚುವ ದಿಕ್ಕಿನದು ಮುಚ್ಚಿದ ತುದಿಯದರ ಮೂಲಕ. ಪರದೆ ಲಿವರನ್ನು ಒತ್ತಿದರೆ ಆ ದಿಕ್ಕು ಮಾತ್ರ ಸತ್ತು, ವಾಪಸು ಬರುವ ದಿಕ್ಕು ಜೀವಂತ ಇರುತ್ತದೆ. ಈ ವಯರುಗಳಲ್ಲಿ ಹರಿಯುವುದು 4-5 ಮಿಲಿಆಂಪ್ ಅಷ್ಟೆ, ತೆಳ್ಳಗಿನ ವಯರನ್ನು ಮಂಟಪದ ಹಿಂದೆ ಎಷ್ಟು ದೂರ ಬೇಕಾದರೂ ಎಳೆಯಬಹುದು.

ಪರದೆಯ ದಾರ ಕಟ್ಟುವ ಮುಂಚೆ ಮೋಟಾರನ್ನು ಖಾಲಿ ತಿರುಗಿಸಿ. ಅದು ಪರದೆಯನ್ನು ಯಾವ ತುದಿಗೆ ಎಳೆಯುವಂತೆ ತಿರುಗುತ್ತಿದೆಯೋ ಆ ತುದಿಯ ಲಿವರನ್ನು ಬೆರಳಿಂದ ಒತ್ತಿ. ನಿಂತರೆ ಸರಿ. ನಿಲ್ಲದಿದ್ದರೆ ಮೋಟಾರಿನ ಎರಡು ವಯರು ಅದಲುಬದಲು ಮಾಡಿ. ಕರೆಂಟು ಹೋದ ಮೇಲೂ ಮೋಟಾರು ತುಸು ಉರುಳಿಯೇ ನಿಲ್ಲುತ್ತದೆ, ಸ್ವಿಚ್ಚನ್ನು ತುದಿಗಿಂತ ಹೆಬ್ಬೆರಳಗಲ ಒಳಗೆ ಕೂರಿಸಿ. ಪರದೆ ಪೂರ್ತಿ ಸರಿದರೂ ನಂದಾದೀಪದ ಜ್ವಾಲೆಯಿಂದ ಒಂದು ಮೊಳವಾದರೂ ದೂರ ಇರಲಿ. ಅಡಾಪ್ಟರನ್ನು ಅಭಿಷೇಕದ ನೀರು ಸಿಡಿಯುವಲ್ಲಿ ಇಡಬೇಡಿ.

12 ವೋಲ್ಟಿನ ಮೋಟಾರೂ ಅಡಾಪ್ಟರೂ ಆದರೆ 220 ಓಮ್ ಜಾಗಕ್ಕೆ ಅರ್ಧ ವ್ಯಾಟಿನ 470 ಓಮ್, ಸ್ವಿಚ್ ಕಡೆಯ 1 ಕಿಲೊಓಮ್ ಜಾಗಕ್ಕೆ 2.2 ಕಿಲೊಓಮ್ ಹಾಕಿ. ಉಳಿದದ್ದು ಹಾಗೇ ಇರಲಿ, 47 ಓಮಿನ ಪರೀಕ್ಷೆಯನ್ನು ಮಾತ್ರ 6 ವೋಲ್ಟಿನಲ್ಲೇ ಮಾಡಿ. ಟಾಗಲ್ ತೆಗೆದು ಆರ್ಡುಯಿನೊದ ಎರಡು ಪಿನ್ ಜೋಡಿಸುವವರು 1 ಕಿಲೊಓಮನ್ನೇ ಉಳಿಸಿಕೊಳ್ಳಿ, ಬೋರ್ಡಿನ ಮೈನಸ್ಸನ್ನು ಸರ್ಕಿಟ್ಟಿನ ಮೈನಸ್ಸಿಗೆ ಸೇರಿಸಿ. ಪ್ರೋಗ್ರಾಮಿನಲ್ಲಿ ಒಂದು ಪಿನ್ ಆಫ್ ಮಾಡಿ, 200 ಮಿಲಿಸೆಕೆಂಡ್ ಕಾದು, ಆಮೇಲೆ ಇನ್ನೊಂದನ್ನು ಆನ್ ಮಾಡಿ. ಬೋರ್ಡ್ ಚಾಲೂ ಆಗುವ ಗಳಿಗೆಯಲ್ಲಿ ಪಿನ್ನುಗಳು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತಿರುವಾಗ, ಆ 10 ಕಿಲೊಓಮ್ ರೆಸಿಸ್ಟರುಗಳೇ ಎರಡೂ ಬಿ.ಸಿ.547ಗಳನ್ನು ಮುಚ್ಚಿ ಹಿಡಿದಿರುತ್ತವೆ.