ಲಿನಕ್ಸ್ ಕರ್ನಲ್‌ಗೆ ನನ್ನ ಮೊದಲ ಪ್ಯಾಚ್ ಸೇರಿದ ಬಗೆ

ಆರ್ಮ್ ಪ್ರೊಸೆಸರಿನ ಸಣ್ಣ ಬೋರ್ಡುಗಳ ಮೇಲೆ ಲಿನಕ್ಸ್ ಓಡಿಸುವುದು ನನ್ನ ದಿನನಿತ್ಯದ ಕೆಲಸ. ಅದರ ತಿರುಳಾದ ಕರ್ನಲ್ ಅನ್ನು ವರ್ಷಗಟ್ಟಲೆ ಬಳಸಿದ್ದರೂ ಅದಕ್ಕೆ ಒಂದು ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ಒಂದು ಸಾಲಿನಷ್ಟೂ ಕೊಟ್ಟಿರಲಿಲ್ಲ. ಒಂದು ದಿನ ಬೋರ್ಡಿಗೆ ಸೆನ್ಸರ್ ಜೋಡಿಸಿ, ಅದರ ವಿವರವಿರುವ ಡಿವೈಸ್ ಟ್ರೀ ಓವರ್‌ಲೇಯನ್ನು ಹಾಕಿ, ಪರೀಕ್ಷೆ ಮುಗಿದ ಮೇಲೆ ತೆಗೆದಾಗ, ಮೆಮೊರಿ ಲೀಕ್ ಆಗಿದೆ, ರೆಫ್‌ಕೌಂಟ್ 1 ಇರಬೇಕಾದಲ್ಲಿ 2 ಇದೆ ಎಂದು ಕರ್ನಲ್ ಲಾಗಿನಲ್ಲಿ ಒಂದು ಸಾಲು ಕಾಣಿಸಿತು. ಅಲ್ಲಿಂದ ಈ ಕೆಲಸ ಶುರುವಾಯಿತು.

ಬೋರ್ಡಿನಲ್ಲಿ ಯಾವ ಸಾಧನ ಎಲ್ಲಿದೆ ಎಂದು ಕರ್ನಲ್‌ಗೆ ತಿಳಿಸುವ ವಿವರಣೆಯೇ ಡಿವೈಸ್ ಟ್ರೀ, ಅದಕ್ಕೆ ಆಮೇಲೆ ಸೇರಿಸಿ ತೆಗೆಯಬಹುದಾದ ತುಣುಕೇ ಓವರ್‌ಲೇ. ಟ್ರೀಯ ಪ್ರತಿಯೊಂದು ನೋಡನ್ನು, ಅಂದರೆ ನಮೂದನ್ನು, ಎಷ್ಟು ಕಡೆಯಿಂದ ಹಿಡಿದುಕೊಳ್ಳಲಾಗಿದೆ ಎಂಬುದರ ಲೆಕ್ಕವೇ ರೆಫ್‌ಕೌಂಟ್. ಒಂದು ನೋಡಿನ ಮಕ್ಕಳನ್ನು ಒಂದೊಂದಾಗಿ ನೋಡಲು ಬಳಸುವ ‘ಫಾರ್ ಈಚ್ ಚೈಲ್ಡ್ ಆಫ್ ನೋಡ್’ ಎಂಬ ಮ್ಯಾಕ್ರೊ (ಸಿದ್ಧ ಕೋಡ್ ತುಣುಕು), ಮುಂದಿನದನ್ನು ಹಿಡಿಯುವಾಗ ಹಿಂದಿನದನ್ನು ತಾನೇ ಬಿಟ್ಟುಬಿಡುತ್ತದೆ. ಆದರೆ ಹೀಗೆ ಒಂದೊಂದಾಗಿ ನೋಡುವ ಲೂಪಿನ ನಡುವೆಯೇ ಫಂಕ್ಷನ್ ರಿಟರ್ನ್ ಆದರೆ, ಅಂದರೆ ಕೆಲಸ ಬಿಟ್ಟು ಹಿಂದಿರುಗಿದರೆ, ಆಗ ಹಿಡಿದಿದ್ದ ನೋಡನ್ನು ಬಿಡುವ ಹೊಣೆ ಕೋಡ್ ಬರೆದವರದು. ನನ್ನ ಓವರ್‌ಲೇಯಲ್ಲಿ ಒಂದು ಚಾನೆಲ್ಲಿನ ಸಂಖ್ಯೆ ತಪ್ಪಾಗಿತ್ತು, ಅದನ್ನು ಕಂಡ ಡ್ರೈವರ್ (ಸೆನ್ಸರನ್ನು ನಡೆಸುವ ಕೋಡ್) ದೋಷಸಂಖ್ಯೆಯೊಂದಿಗೆ ಹಿಂದಿರುಗಿತ್ತು, ಹಿಡಿದ ನೋಡ್ ಮಾತ್ರ ಹಾಗೆಯೇ ಉಳಿದಿತ್ತು. ರಿಟರ್ನ್‌ಗೆ ಮೊದಲು ‘ಆಫ್ ನೋಡ್ ಪುಟ್’ ಎಂಬ ಒಂದೇ ಸಾಲು ಸೇರಿಸಿದಾಗ ಎಚ್ಚರಿಕೆ ನಿಂತಿತು.

ಸಾಲು ಬರೆಯಲು ಐದು ನಿಮಿಷ ಹಿಡಿಯಿತು, ಅದನ್ನು ಕಳುಹಿಸುವಂತೆ ಸಿದ್ಧಪಡಿಸಲು ಎರಡು ಸಂಜೆ. ಕರ್ನಲ್‌ನ ಬಹುಪಾಲು ಪ್ಯಾಚುಗಳು ಇಂದಿಗೂ ಇಮೇಲಿನಲ್ಲೇ ಹೋಗುತ್ತವೆ. ಯಾರಿಗೆ ಕಳುಹಿಸಬೇಕೆಂಬುದನ್ನು ಕರ್ನಲ್ ಜೊತೆಗೇ ಬರುವ ‘ಗೆಟ್ ಮೇಂಟೇನರ್’ ಸ್ಕ್ರಿಪ್ಟ್ ಹೇಳುತ್ತದೆ, ಬರವಣಿಗೆಯ ಶೈಲಿಯನ್ನು ‘ಚೆಕ್‌ಪ್ಯಾಚ್’ ಪರೀಕ್ಷಿಸುತ್ತದೆ. ನನ್ನ ಪ್ಯಾಚಿಗೆ ಚೆಕ್‌ಪ್ಯಾಚ್ ಕೊಟ್ಟ ಎಚ್ಚರಿಕೆ ಕೋಡಿನ ಬಗ್ಗೆ ಆಗಿರದೆ ಹೆಸರಿನ ಬಗ್ಗೆ ಆಗಿತ್ತು. ಕೋಡಿನ ಬದಲಾವಣೆಗಳ ಇತಿಹಾಸವಿಡುವ ಗಿಟ್‌ನಲ್ಲಿ ನನ್ನ ಇನಿಶಿಯಲ್ ಹೆಸರಿನ ಮುಂದೆ ಇತ್ತು, ‘ಸೈನ್ಡ್ ಆಫ್ ಬೈ’ ಸಾಲಿನಲ್ಲಿ ಹೆಸರಿನ ಕೊನೆಗೆ ಇತ್ತು. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಒಂದೊಂದು ದಾಖಲೆಯಲ್ಲಿ ಒಂದೊಂದು ಕಡೆ ಬರೆಯುವ ನಮ್ಮಂಥವರು ಇದನ್ನು ಮೊದಲೇ ಒಂದೇ ರೀತಿಗೆ ತಂದುಕೊಳ್ಳುವುದು ಒಳ್ಳೆಯದು. 2004ರಲ್ಲಿ ಜಾರಿಗೆ ಬಂದ ಆ ಸಹಿಯ ಸಾಲು, ಈ ಕೋಡನ್ನು ಈ ಲೈಸೆನ್ಸಿನಡಿ ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣೀಕರಣ. ಆದ್ದರಿಂದಲೇ ಕಂಪನಿಯ ಕೆಲಸದ ನಡುವೆ ಕಂಡ ಈ ತಪ್ಪನ್ನು ಕಳುಹಿಸುವ ಮುನ್ನ ನಾನು ಮ್ಯಾನೇಜರರ ಲಿಖಿತ ಒಪ್ಪಿಗೆ ಪಡೆದೆ.

ಮೊದಲ ಸಲ ಪ್ಯಾಚನ್ನು ಬ್ರೌಸರಿನ ಮೇಲ್ ಪುಟದಲ್ಲಿ ಅಂಟಿಸಿ ನನಗೇ ಕಳುಹಿಸಿಕೊಂಡು ನೋಡಿದೆ. ಟ್ಯಾಬುಗಳೆಲ್ಲ ಸ್ಪೇಸ್‌ಗಳಾಗಿ ಬದಲಾಗಿದ್ದವು, ಆ ಪ್ಯಾಚನ್ನು ಅನ್ವಯಿಸಲು ಗಿಟ್ ಒಪ್ಪಲಿಲ್ಲ. ‘ಗಿಟ್ ಸೆಂಡ್ ಇಮೇಲ್’ ಹೊಂದಿಸಿಕೊಂಡ ಮೇಲೆ ಸರಿಯಾಯಿತು. ಹೊರಗಿನವರಿಗೆ ಕಳುಹಿಸುವ ಮೊದಲು ಹೀಗೆ ತನಗೇ ಒಮ್ಮೆ ಕಳುಹಿಸಿಕೊಂಡು, ಬಂದ ಮೇಲನ್ನು ಹೊಸ ಬ್ರಾಂಚಿನ ಮೇಲೆ ಹಾಕಿ ನೋಡುವ ರೂಢಿಯನ್ನು ಅಂದಿನಿಂದ ಬಿಟ್ಟಿಲ್ಲ.

ಕಳುಹಿಸಿ ಹನ್ನೆರಡು ದಿನ ಯಾರಿಂದಲೂ ಉತ್ತರ ಬರಲಿಲ್ಲ. ಪ್ಯಾಚ್ ತಿರಸ್ಕೃತವಾಯಿತೆಂದೇ ಎಣಿಸಿದ್ದೆ. ನಮ್ಮ ತಂಡದ ಹಿರಿಯರೊಬ್ಬರನ್ನು ಕೇಳಿದಾಗ ಅವರು, “ಈಗ ಮರ್ಜ್ ವಿಂಡೋ ನಡೀತಿದೆ, ಸ್ವಲ್ಪ ತಡೀರಿ” ಎಂದರು. ಪ್ರತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಕರ್ನಲ್ ಬಿಡುಗಡೆಯಾದ ಕೂಡಲೇ ಎರಡು ವಾರ, ಕರ್ನಲ್‌ನ ಒಂದೊಂದು ಭಾಗವನ್ನು ನೋಡಿಕೊಳ್ಳುವ ಮೇಂಟೇನರುಗಳು ತಾವು ಆಗಲೇ ಒಪ್ಪಿ ಇಟ್ಟುಕೊಂಡದ್ದನ್ನು ಲಿನಕ್ಸ್‌ನ ಸೃಷ್ಟಿಕರ್ತ ಲಿನಸ್ ಟೋರ್ವಾಲ್ಡ್ಸ್ ಅವರಿಗೆ ಒಪ್ಪಿಸುವುದರಲ್ಲಿ ಮುಳುಗಿರುತ್ತಾರೆ. ಆ ಹೊತ್ತಿನಲ್ಲಿ ಹೊಸಬರ ಪ್ಯಾಚ್ ಕಾಯಬೇಕಾಗುತ್ತದೆ. ಮರ್ಜ್ ವಿಂಡೋ ಮುಗಿದು ಮೊದಲ ಆರ್‌ಸಿ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ, ಹೊರಬಂದ ಮೂರನೆಯ ದಿನ ಉತ್ತರ ಬಂತು.

ರಿವ್ಯೂ ಮಾಡಿದವರು ನನ್ನ ಆ ಒಂದು ಸಾಲಿನ ಬಗ್ಗೆ ಏನೂ ಹೇಳಿರಲಿಲ್ಲ, ಕೇಳಿದ್ದೆಲ್ಲ ಅದರ ಸುತ್ತಲಿನ ಸಂಗತಿಗಳನ್ನು: ಈ ತಪ್ಪು ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯಿಂದ) ಬಂತು, ನಿಮಗೆ ಕಂಡದ್ದು ಹೇಗೆ, ಅದೇ ಲೂಪಿನಲ್ಲಿ ಇನ್ನೊಂದು ರಿಟರ್ನ್ ಇದೆಯಲ್ಲ, ಅದನ್ನು ಏಕೆ ಬಿಟ್ಟಿರಿ? ಮೂರನೆಯ ಪ್ರಶ್ನೆ ಓದಿದಾಗ ನಿಜಕ್ಕೂ ಮುಜುಗರವಾಯಿತು. ನನ್ನ ಬೋರ್ಡಿನಲ್ಲಿ ಎಡವಿದ ಜಾಗವನ್ನಷ್ಟೇ ಸರಿಪಡಿಸಿ, ಆರು ಸಾಲು ಕೆಳಗಿದ್ದ ಅಂಥದೇ ಜಾಗವನ್ನು ನಾನು ನೋಡಿರಲಿಲ್ಲ. ನನ್ನ ಕಮಿಟ್ ಸಂದೇಶವೂ ‘ಮೆಮೊರಿ ಲೀಕ್ ಸರಿಪಡಿಸಲಾಗಿದೆ’ ಎನ್ನುವಷ್ಟರಲ್ಲೇ ಮುಗಿದಿತ್ತು. ಐದು ವರ್ಷದ ನಂತರ ಈ ಡ್ರೈವರ್ ತಿದ್ದುವವರಿಗೆ ನಾನು ಸಿಗುವುದಿಲ್ಲ, ಸಿಗುವುದು ಆ ಸಂದೇಶ ಮಾತ್ರ ಎಂಬುದು ಆಗ ಮನದಟ್ಟಾಯಿತು. ಪ್ರತಿ ಸಾಲು ಯಾವ ಕಮಿಟ್‌ನದೆಂದು ತೋರಿಸುವ ಗಿಟ್ ಬ್ಲೇಮ್ ಹಿಡಿದು ಹಿಂದಕ್ಕೆ ಹೋದರೆ ಸಿಕ್ಕ ಮೊದಲ ಕಮಿಟ್ ಬರೀ ಇಂಡೆಂಟೇಶನ್ ಸರಿಪಡಿಸಿದ್ದು. ಅದಕ್ಕೂ ಹಿಂದೆ, ಡ್ರೈವರ್ ಮೊದಲು ಸೇರಿದ ಕಮಿಟ್‌ನಲ್ಲೇ ತಪ್ಪು ಇತ್ತು. ಅದರ ಗುರುತಿನ ಮೊದಲ 12 ಅಕ್ಷರಗಳನ್ನು ‘ಫಿಕ್ಸಸ್’ ಸಾಲಿನಲ್ಲಿ ಬರೆದೆ.

ಇದರ ನಡುವೆ ಇನ್ನೊಬ್ಬರು, ಸ್ಕೋಪ್ (ಆ ಕೋಡ್ ಭಾಗ) ಮುಗಿದೊಡನೆ ನೋಡನ್ನು ತಾನೇ ಬಿಡುವ ಹೊಸ ಮ್ಯಾಕ್ರೊ ಬಂದಿದೆ, ಅದನ್ನೇ ಬಳಸಿ ಎಂದು ಬರೆದರು. ಅವರ ಮಾತು ಸರಿಯಾಗಿತ್ತು. ಆದರೆ ಬಿಡುಗಡೆಯಾದ ಮೇಲೂ ತಿದ್ದುಪಡಿ ಪಡೆಯುವ ಹಳೆಯ ಸ್ಟೇಬಲ್ ಕರ್ನಲ್‌ಗಳಲ್ಲಿ ಆ ಮ್ಯಾಕ್ರೊ ಇಲ್ಲ, ಅದನ್ನೇ ಬಳಸಿದರೆ ಪ್ಯಾಚನ್ನು ಅಲ್ಲಿಗೆ ಒಯ್ಯುವುದು ಕಷ್ಟ. ಎರಡು ದಿನ ಯೋಚಿಸಿ, ಇದನ್ನು ಎರಡು ಪ್ಯಾಚುಗಳಾಗಿ ಮಾಡಲೇ ಎಂದು ಕಾರಣ ಸಹಿತ ಇಬ್ಬರಿಗೂ ಬರೆದೆ: ಮೊದಲನೆಯದರಲ್ಲಿ ಎರಡೂ ರಿಟರ್ನ್‌ಗಳ ಮುಂದೆ ನೋಡ್ ಬಿಡುವ ಸಾಲು ಸೇರಿಸಿ ಸ್ಟೇಬಲ್‌ಗೆ ಗುರುತು ಹಾಕುವುದು, ಎರಡನೆಯದರಲ್ಲಿ ಹೊಸ ಮ್ಯಾಕ್ರೊಗೆ ಬದಲಾಯಿಸುವುದು. ಇಬ್ಬರೂ ಒಪ್ಪಿದರು. ಪ್ರತಿಯೊಂದು ಪ್ರಶ್ನೆಯ ಕೆಳಗೇ ಅದರ ಉತ್ತರವನ್ನು ಬರೆದು, ಒಪ್ಪಿಗೆ ಸಿಕ್ಕ ಮೇಲಷ್ಟೇ ಹೊಸ ಆವೃತ್ತಿ ಕಳುಹಿಸಿದ್ದು ಒಳ್ಳೆಯದೇ ಆಯಿತು. ಅವಸರದಲ್ಲಿ ಮರುದಿನವೇ ಕಳುಹಿಸಿದ್ದರೆ ಅದೇ ಚರ್ಚೆ ಮತ್ತೊಮ್ಮೆ ನಡೆಯುತ್ತಿತ್ತು.

ಎರಡನೆಯ ಆವೃತ್ತಿಯ ಸಂದೇಶವನ್ನು ಹೊಸದಾಗಿ ಬರೆದೆ. ಮ್ಯಾಕ್ರೊ ಹೇಗೆ ಕೆಲಸ ಮಾಡುತ್ತದೆ, ಲೂಪ್ ನಡುವೆ ಮುರಿದರೆ ಏನು ಉಳಿಯುತ್ತದೆ, ಓವರ್‌ಲೇ ತೆಗೆದಾಗ ಬಂದ ಎಚ್ಚರಿಕೆಯ ಸಾಲು ಯಾವುದು ಎಂಬ ಮೂರು ವಿಷಯವನ್ನೂ ಅದರಲ್ಲಿ ಹೇಳಿದೆ. ‘ಸೇರಿಸಿದ್ದೇನೆ’ ಎನ್ನದೆ ‘ಸೇರಿಸು’ ಎಂದು ಕೋಡ್‌ಗೆ ಆಜ್ಞೆ ಕೊಡುವ ಧಾಟಿಯಲ್ಲಿ ಬರೆಯಬೇಕೆಂಬ ಅಲ್ಲಿನ ನಿಯಮ ನನಗೆ ಬೇಗ ಒಗ್ಗಲಿಲ್ಲ, ನಾಲ್ಕು ಸಲ ತಿದ್ದಿದೆ. ಹಿಂದಿನ ಆವೃತ್ತಿಯಿಂದ ಏನು ಬದಲಾಯಿತೆಂಬುದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆದೆ, ಅಲ್ಲಿ ಬರೆದದ್ದು ಓದುವವರಿಗೆ ಕಾಣುತ್ತದೆ, ಗಿಟ್ ಇತಿಹಾಸಕ್ಕೆ ಸೇರುವುದಿಲ್ಲ.

ನಾಲ್ಕು ದಿನಕ್ಕೆ ಮೊದಲ ವಿಮರ್ಶಕರ ‘ರಿವ್ಯೂಡ್ ಬೈ’ ಬಂತು, ಮರುವಾರ ಮೇಂಟೇನರರಿಂದ ಎರಡು ಪದಗಳ ಉತ್ತರ: ‘ಅಪ್ಲೈಡ್, ಥ್ಯಾಂಕ್ಸ್’. ಪ್ಯಾಚುಗಳು ಮೊದಲು ಅವರ ಗಿಟ್ ಸಂಗ್ರಹದಲ್ಲಿ, ಬಳಿಕ ಮುಂದಿನ ಬಿಡುಗಡೆಗೆಂದು ಎಲ್ಲರ ಬದಲಾವಣೆಗಳನ್ನು ಒಟ್ಟುಗೂಡಿಸಿ ಪರೀಕ್ಷಿಸುವ ಲಿನಕ್ಸ್ ನೆಕ್ಸ್ಟ್‌ನಲ್ಲಿ ಕಾಣಿಸಿದವು, ಆಮೇಲೆ ಮುಖ್ಯ ಕರ್ನಲ್‌ಗೆ ಹೋದವು. ಮೊದಲನೆಯ ಪ್ಯಾಚನ್ನು ಸ್ಟೇಬಲ್ ಕರ್ನಲ್‌ಗೂ ಸೇರಿಸಲಾಗುತ್ತಿದೆ ಎಂಬ ಮೇಲ್ ಬಂದಾಗ ನಾನು ಕಚೇರಿಯಲ್ಲೇ ಇದ್ದೆ. ಆ ಕರ್ನಲ್ ಬಿಡುಗಡೆಯಾದ ದಿನ ಅದನ್ನು ಅದೇ ಬೋರ್ಡಿಗೆ ಹಾಕಿ, ತಪ್ಪು ಸಂಖ್ಯೆಯಿದ್ದ ಅದೇ ಓವರ್‌ಲೇಯನ್ನು ಹಾಕಿ ತೆಗೆದು ನೋಡಿದೆ. ಚಾನೆಲ್ ಸಂಖ್ಯೆ ಸರಿಯಿಲ್ಲ ಎಂಬ ಡ್ರೈವರಿನ ದೂರು ಮಾತ್ರ ಲಾಗಿನಲ್ಲಿತ್ತು, ರೆಫ್‌ಕೌಂಟ್‌ನ ಸಾಲು ಇರಲಿಲ್ಲ.